ಸಹಾಯ ಬೇಕು: ರ‍್ಯಾಮ್ ಡಿಸ್ಕ್ ಮಾಡಿದರೆ ಗೇಮ್ ತಡೆದು ತಡೆದು ಓಡುವುದು ನಿಲ್ಲುತ್ತಾ?

ನಮಸ್ಕಾರ, ನಾನು ವಿರಾಜಪೇಟೆಯವನು. ರ‍್ಯಾಮ್ ಡಿಸ್ಕ್ ಅಂದರೆ ರ‍್ಯಾಮ್‌ನ ಒಂದು ಭಾಗವನ್ನೇ ಡ್ರೈವ್ ಥರ ಬಳಸುವುದು. ಹಳೇ ಡೆಸ್ಕ್‌ಟಾಪ್, 16 ಜಿಬಿ ರ‍್ಯಾಮ್, ಗೇಮ್‌ಗಳೆಲ್ಲ 5400 ಆರ್‌ಪಿಎಂ ಹಾರ್ಡ್ ಡಿಸ್ಕ್‌ನಲ್ಲಿವೆ. ಓಪನ್ ವರ್ಲ್ಡ್ ಗೇಮ್‌ನಲ್ಲಿ ಕಾರು ಸ್ವಲ್ಪ ವೇಗ ಹಿಡಿದರೆ ಸಾಕು, ಚಿತ್ರ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಅದೇ ಹೊತ್ತಿಗೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಪರ್ಸೆಂಟ್! ಗ್ರಾಫಿಕ್ಸ್ ಕಾರ್ಡ್ ಮಾತ್ರ ಆರಾಮಾಗಿದೆ.

ಇಮ್‌ಡಿಸ್ಕ್ ಅನ್ನೋ ಸಾಫ್ಟ್‌ವೇರ್‌ನಲ್ಲಿ 6 ಜಿಬಿ ರ‍್ಯಾಮ್ ಡಿಸ್ಕ್ ಮಾಡಿ, ಟೆಕ್ಸ್‌ಚರ್ (ಗೇಮ್‌ನ ಮೇಲ್ಮೈ ಚಿತ್ರಗಳ) ಫೋಲ್ಡರ್ ಅಲ್ಲಿಗೆ ಕಾಪಿ ಮಾಡಿ, ಗೇಮ್ ಅಲ್ಲಿಂದಲೇ ಓದುವಂತೆ ಲಿಂಕ್ ಕೊಡೋಣ ಅಂತಿದ್ದೇನೆ. ಉಳಿದ 10 ಜಿಬಿ ವಿಂಡೋಸ್‌ಗೂ ಗೇಮ್‌ಗೂ ಸಾಕಾಗುತ್ತಾ? ಸಾಲದೆ ಪೇಜ್ ಫೈಲ್‌ಗೆ (ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಜಾಗ) ಹೋದರೆ ಮತ್ತೆ ಅದೇ ಹಾರ್ಡ್ ಡಿಸ್ಕೇ ಗತಿ, ಅಲ್ವಾ? ಸೇವ್ ಫೈಲ್ ಅಂತೂ ಅಲ್ಲಿ ಇಡುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ತಂತಿ ಮೇಲೆ ಒಂದು ಕೊಂಬೆ ಬಿದ್ದರೂ ಕರೆಂಟ್ ಇಲ್ಲ, ರ‍್ಯಾಮ್‌ನಲ್ಲಿದ್ದದ್ದೆಲ್ಲ ಹೋಯಿತು.

ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡ್ರೈವ್) ತಗೊಳ್ಳುವುದು ಕಾಫಿ ದುಡ್ಡು ಬಂದ ಮೇಲೆ. ಅಲ್ಲಿವರೆಗೆ, ಇದನ್ನು ಮಾಡಿ ನೋಡಿದವರು ಎಷ್ಟು ಜಿಬಿ ಇಟ್ಟಿರಿ, ಫರಕ್ ಕಂಡಿತಾ, ದಯವಿಟ್ಟು ತಿಳಿಸಿ.