ಧಾರೆ ಫೋಟೋ ಎಲ್ಲಾ ಅರ್ಧ ಕಪ್ಪು! ಲ್ಯಾಬಿನ ತಪ್ಪಾ, ಫ್ಲ್ಯಾಶಿನ ತಪ್ಪಾ?

ಮಂಟಪದಮೂಲೆ: ಧಾರೆ ತೆಗೆದ ಎರಡೂ ರೋಲು ಹಾಳು. ಧಾರೆಯ ಪ್ರತಿ ಫ್ರೇಮಲ್ಲೂ ಸುಮಾರು ಅರ್ಧ ಕಪ್ಪು. ಮದುಮಗನ ಕೈ ಇದೆ, ತಾಳಿ ಇಲ್ಲ! ಫಿಲ್ಮ್ ಕೊಡಾಕ್ ಗೋಲ್ಡ್ 200, ಫ್ಲ್ಯಾಶಿಗೆ ಹೊಸ ಸೆಲ್. ಬೆಳಗ್ಗೆ ಛತ್ರದ ಹೊರಗೆ ತೆಗೆದ ಕಾಶಿಯಾತ್ರೆ ಚೆನ್ನಾಗೇ ಬಂದಿದೆ. ಬೇಗ ಹೇಳಿ, ಹೆಣ್ಣಿನ ಕಡೆಯವರು ಆಲ್ಬಮ್ ಕೇಳ್ತಿದ್ದಾರೆ.

ಬೆಳ್ಳಿಹರಳು: ಲ್ಯಾಬು, ಇನ್ನೇನು. ಸಿ-41 (ಕಲರ್ ನೆಗೆಟಿವ್ ತೊಳೆಯೋ ಕ್ರಮ) ಅಂದ್ರೆ ಡೆವಲಪರಲ್ಲಿ 37.8 ಡಿಗ್ರಿ, 3 ನಿಮಿಷ 15 ಸೆಕೆಂಡ್. ಸತ್ತ ಡೆವಲಪರಲ್ಲಿ ಅದ್ದಿ ಕೊಟ್ಟಿರ್ತಾರೆ.

ಹಳೇಲೆನ್ಸು: ಡೆವಲಪರ್ ಸತ್ತಿದ್ರೆ ರೋಲು ಪೂರ್ತಿ ಮಂಕಾಗುತ್ತೆ, ಕಾಶಿಯಾತ್ರೆನೂ ಸೇರಿ. ನೆಗೆಟಿವ್ ಬೆಳಕಿಗೆ ಹಿಡಿದು ತೂತುಗಳ ಪಕ್ಕ ಅಚ್ಚಾಗಿರೋ ಫ್ರೇಮ್ ನಂಬರ್ ನೋಡಿ. ಅದು ಗಾಢವಾಗಿದ್ರೆ ಡೆವಲಪಿಂಗ್ ಸರಿ ಇದೆ.

ಮಂಟಪದಮೂಲೆ: ನಂಬರ್ ಗಾಢವಾಗೇ ಇದೆ.

ಬೆಳ್ಳಿಹರಳು: ಹಾಗಾದ್ರೆ ಟ್ಯಾಂಕಿಗೆ ಕೆಮಿಕಲ್ ಕಮ್ಮಿ ಹುಯ್ದಿದ್ದಾರೆ. ಪ್ಯಾಟರ್ಸನ್ ಟ್ಯಾಂಕಲ್ಲಿ 35 ಎಂಎಂ ರೋಲಿಗೆ 290 ಎಂಎಲ್ ಬೇಕೇ ಬೇಕು.

ಹಳೇಲೆನ್ಸು: ಆಗ ಪಟ್ಟಿ ಫಿಲ್ಮಿನ ಉದ್ದಕ್ಕೂ ಒಂದೇ ಅಂಚಲ್ಲಿ ಓಡುತ್ತೆ, ನಂಬರೂ ಕೆಡುತ್ತೆ. ಲ್ಯಾಬ್ ಬಿಡಿ ಸಾರ್. ಕ್ಯಾಮೆರಾ ಯಾವುದು, ಶಟರ್ ಎಷ್ಟು, ಕಪ್ಪು ಯಾವ ಕಡೆ? ಇಷ್ಟೂ ಮೊದಲೇ ಹೇಳಬೇಕಿತ್ತು.

ಮಂಟಪದಮೂಲೆ: ಅಡ್ಡ ಹಿಡಿದದ್ದರಲ್ಲಿ ಒಂದು ಪಕ್ಕ. ಶಟರ್ 125 (1/125 ಸೆಕೆಂಡ್), ಫ್ಲ್ಯಾಶಿಗೆ ಅದೇ ಅಲ್ವಾ? ನನ್ನ ನಿಕಾನ್ ಎಫ್‌ಎಂ10ನಲ್ಲಿ ಯಾವಾಗಲೂ ಅದೇ. ಈ ಸಲ ಪೆಂಟಾಕ್ಸ್ ಕೆ1000.

ಹಳೇಲೆನ್ಸು: ಸಿಕ್ತು. ಕೆ1000 ಶಟರು ಬಟ್ಟೆಯದು, ತೆರೆಯೋಕೆ ಒಂದು ಪರದೆ, ಮುಚ್ಚೋಕೆ ಇನ್ನೊಂದು, 36 ಎಂಎಂ ಅಡ್ಡಕ್ಕೆ ಓಡುತ್ತೆ. ಸಿಂಕ್ 1/60, ಅಂದ್ರೆ ಫ್ಲ್ಯಾಶ್ ಜೊತೆ ಅದಕ್ಕಿಂತ ವೇಗ ನಡೆಯಲ್ಲ. 125ರಲ್ಲಿ ಮೊದಲ ಪರದೆ ಆಚೆ ತುದಿ ಮುಟ್ಟಿ ಫ್ಲ್ಯಾಶ್ ಹೊಡೆಯೋ ಹೊತ್ತಿಗೆ ಎರಡನೇದು ಆಗಲೇ ಅರ್ಧ ದಾರಿ ಬಂದಿರುತ್ತೆ. ಎಫ್‌ಎಂ10ದು ಲೋಹದ್ದು, 24 ಎಂಎಂ ಎತ್ತರ ಓಡಿದ್ರೆ ಸಾಕು, ಅದಕ್ಕೇ 125 ನಡೆಯುತ್ತೆ. ಬಿಸಿಲಲ್ಲಿ ಫ್ಲ್ಯಾಶೇ ಇರಲಿಲ್ಲ, ಕಾಶಿಯಾತ್ರೆ ಉಳೀತು.

ರೀಲುರಾಯ: ಇದಕ್ಕೇ ನಾನು ಹ್ಯಾಸೆಲ್‌ಬ್ಲಾಡ್ 500ಸಿ/ಎಂ ಬಿಟ್ಟು ಬೇರೆ ಮುಟ್ಟಲ್ಲ. ಲೆನ್ಸಿನೊಳಗಿರೋ ಲೀಫ್ ಶಟರ್, ಒಮ್ಮೆಗೇ ಪೂರ್ತಿ ತೆರೆಯುತ್ತೆ, 1/500ವರೆಗೂ ಸಿಂಕ್. 80 ಎಂಎಂ ಪ್ಲಾನಾರ್ ಲೆನ್ಸ್, ಫಿಲ್ಮ್ ತುಂಬಿಡೋ ಮ್ಯಾಗಜೀನ್ ಮೂರು.

ಬೆಳ್ಳಿಹರಳು: 12 ಫ್ರೇಮಿಗೊಂದು ಮ್ಯಾಗಜೀನ್ ಬದಲಾಯಿಸಿ. ಅಷ್ಟರಲ್ಲಿ ಗಟ್ಟಿಮೇಳ ಮುಗಿದು ಅಕ್ಷತೆ ನೆಲದ ಮೇಲಿರುತ್ತೆ.

ರೀಲುರಾಯ: ಡಾರ್ಕ್ ಸ್ಲೈಡ್ (ಬೆಳಕು ತಡೆಯೋ ತಗಡು) ಹಾಕಿ ಬದಲಾಯಿಸೋಕೆ ಎಷ್ಟು ಹೊತ್ತು ಗುರು? ಕೈ ಪಳಗಿರಬೇಕು.

ಹಳೇಲೆನ್ಸು: ಜಗಳ ಆಮೇಲೆ. ಮಂಟಪದಮೂಲೆಯವರೇ, ಫಿಲ್ಮ್ ಇಲ್ಲದೆ ಹಿಂದಿನ ಬಾಗಿಲು ತೆಗೀರಿ, ಲೆನ್ಸ್ ಬಿಚ್ಚಿ, ಫ್ಲ್ಯಾಶ್ ಹಾಕಿ. ಬಿಳಿ ಗೋಡೆ ಕಡೆ ತಿರುಗಿಸಿ, ಹಿಂದಿನಿಂದ ನೋಡ್ತಾ 60ರಲ್ಲಿ ಒತ್ತಿ. ಚೌಕಟ್ಟು ಪೂರ್ತಿ ಬೆಳಗಬೇಕು. ಆಮೇಲೆ 125ರಲ್ಲಿ ಒತ್ತಿ ನೋಡಿ, ಗೊತ್ತಾಗುತ್ತೆ.

ಮಂಟಪದಮೂಲೆ: 125ರಲ್ಲಿ ಅರ್ಧ. 60ರಲ್ಲೂ ಅಂಚಲ್ಲಿ ಸಣ್ಣ ಎಳೆ ಕಪ್ಪು.

ಹಳೇಲೆನ್ಸು: ಹಾಗಿದ್ರೆ ಮೊದಲ ಪರದೆ ನಿಧಾನ ಆಗಿದೆ, ಹಳೇ ಗ್ರೀಸು ಗಟ್ಟಿಯಾಗಿರುತ್ತೆ. ಸರ್ವೀಸಿಗೆ ಕೊಡಿ. ಅಲ್ಲಿವರೆಗೆ 1/30. ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿ; 100 ಫಿಲ್ಮಿಗೆ, ಮೀಟರಲ್ಲಿ) 20ರ ಫ್ಲ್ಯಾಶಿಗೆ 200 ಫಿಲ್ಮಲ್ಲಿ ಮೂರೂವರೆ ಮೀಟರಿಗೆ ಎಫ್ 8. 1/30ರಲ್ಲಿ ವಿಡಿಯೋದವರ ಹ್ಯಾಲೋಜನ್ ಬೆಳಕೂ ಸೇರಿ ಹಿಂದೆ ಸ್ವಲ್ಪ ಕೇಸರಿ ಬರುತ್ತೆ, ಪರವಾಗಿಲ್ಲ.

ಬೆಳ್ಳಿಹರಳು: ಪರವಾಗಿಲ್ವಾ? ನೀಲಿ 80ಎ ಫಿಲ್ಟರ್ ಹಾಕ್ಲಿ.

ಹಳೇಲೆನ್ಸು: ಎರಡು ಸ್ಟಾಪ್ ಬೆಳಕು ತಿನ್ನುತ್ತೆ (ಕಾಲು ಭಾಗ ಮಾತ್ರ ಉಳಿಯುತ್ತೆ), ಫ್ಲ್ಯಾಶ್ ಬಿದ್ದ ಮುಖಾನೂ ನೀಲಿ ಮಾಡುತ್ತೆ. ಬೇಡ.

ಮಂಟಪದಮೂಲೆ: ಈಗಿರೋ ಫ್ರೇಮು? ಸ್ಕ್ಯಾನರಲ್ಲಿ ಎತ್ತಬಹುದಾ?

ಹಳೇಲೆನ್ಸು: ಆ ಭಾಗ ನೆಗೆಟಿವಲ್ಲಿ ಖಾಲಿ. ಎತ್ತಿದ್ರೆ ಬರೀ ಕಾಳು ಕಾಳಾಗಿ ಕಾಣುತ್ತೆ, ಚಿತ್ರ ಬರಲ್ಲ. ಬೆಳಗಿರೋ ಅರ್ಧವನ್ನ ನಿಂತ ಆಕಾರಕ್ಕೆ ಕತ್ತರಿಸಿ 4x6 ಪ್ರಿಂಟ್ ಹಾಕಿಸಿ.

ರೀಲುರಾಯ: ಯಾರಿಗಾದ್ರೂ ಎ12 ಮ್ಯಾಗಜೀನ್ ಬೇಕಾ? ನನ್ನ ಹತ್ರ ಒಂದು ಜಾಸ್ತಿ ಇದೆ.