ಹಚ್ಚದ ಸಿಗರೇಟು

ಪ್ರೀತಿಯ ಜೊತೆ ಕಾಯಿಲೆಯೂ ಇರುವ ಕಾದಂಬರಿ ಅಂದರೆ ಈರುಳ್ಳಿ ಹೆಚ್ಚಿದ ಹಾಗೆ. ಕಣ್ಣಲ್ಲಿ ನೀರು ಬಂದೇ ಬರುತ್ತದೆ, ಅದರಲ್ಲಿ ಬರೆದವನ ಹೆಚ್ಚುಗಾರಿಕೆ ಏನು? ಇದು ನನ್ನ ಹಳೇ ವಾದ. ಮೊನ್ನೆ ಅದನ್ನು ಇಬ್ಬರ ಮುಂದೆ ನುಂಗಬೇಕಾಯಿತು.

“ಓದಿದ್ಯಾ?” ಎಂದಳು ಪುಸ್ತಕ ಕೊಟ್ಟಿದ್ದ ಗೆಳತಿ. ಜಾನ್ ಗ್ರೀನ್ ಅವರ ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’, 2012ರಲ್ಲಿ ಬಂದದ್ದು.

“ಓದ್ದೆ. ಅಂಥದ್ದೇನಿಲ್ಲ.”

“ಮತ್ತೆ ಯಾಕೆ ವಾಪಸ್ ಕೊಡ್ತಿಲ್ಲ?”

ಸಿಕ್ಕಿಬಿದ್ದೆ.

“ಏನು ಕಾಯಿಲೆ?” ಎಂದು ನಮ್ಮ ಡಾಕ್ಟ್ರು ಕಿವಿ ನಿಮಿರಿಸಿದ. ಇವನು ಡಾಕ್ಟರಲ್ಲ. ನಾವು ಒಂದು ಸಲ ಸೀನಿದರೆ ಮೂರು ರೋಗದ ಹೆಸರು ಹೇಳುತ್ತಾನೆ, ಅದಕ್ಕೇ ಆ ಬಿರುದು.

“ಹುಡುಗಿ ಹೇಜಲ್‌ಗೆ 16 ವರ್ಷ. ಥೈರಾಯ್ಡ್ ಕ್ಯಾನ್ಸರ್, ಶ್ವಾಸಕೋಶಕ್ಕೂ ಹರಡಿದೆ. ಹುಡುಗ ಆಗಸ್ಟಸ್‌ಗೆ 17. ಮೂಳೆ ಕ್ಯಾನ್ಸರ್, ಒಂದು ಕಾಲು ಹೋಗಿದೆ.”

“ಔಷಧಿ?”

“ಅವಳಿಗೆ ಫ್ಯಾಲಾಂಕ್ಸಿಫರ್.”

ಡಾಕ್ಟ್ರು ತಕ್ಷಣ ಫೋನ್ ತೆಗೆದ. ಹುಡುಕಿ ಸುಸ್ತಾಗಲಿ ಅಂತ ಸ್ವಲ್ಪ ಹೊತ್ತು ಬಿಟ್ಟೆ. ಆಮೇಲೆ ಹೇಳಿದೆ: “ಅಂಥ ಔಷಧಿ ಇಲ್ಲ ಕಣೋ. ಇದ್ದಿದ್ರೆ ಚೆನ್ನಾಗಿತ್ತು ಅಂತ ತಾನೇ ಕಟ್ಟಿದ್ದು ಅಂತ ಲೇಖಕರೇ ಬರ್ಕೊಂಡಿದ್ದಾರೆ.”

ಡಾಕ್ಟ್ರು ಫೋನ್ ಜೇಬಿಗಿಟ್ಟ. “ಆಸೆಪಟ್ಟು ಕಟ್ಟಿದ್ದಾದ್ರೆ ಮಾಫಿ,” ಎಂದ.

“ನಿಂಗೆ ಇಷ್ಟ ಆಗ್ಲಿಲ್ಲ ಅಂದ್ಯಲ್ಲ, ಯಾಕೆ?” ಗೆಳತಿ ಬಿಡಲಿಲ್ಲ.

“ಆ ಹುಡುಗ ಬಾಯಲ್ಲಿ ಸಿಗರೇಟು ಇಟ್ಕೋತಾನೆ, ಹಚ್ಚಲ್ಲ! ಕೊಲ್ಲೋ ವಸ್ತು ಹಲ್ಲಿನ ನಡುವೆ ಇದ್ರೂ ಅದಕ್ಕೆ ಕೊಲ್ಲೋ ಶಕ್ತಿ ಕೊಡಲ್ಲ, ಅದೊಂದು ರೂಪಕವಂತೆ. 17ರ ಯಾವ ಹುಡುಗ ಹೀಗೆ ಮಾತಾಡ್ತಾನೆ? ನಾನು ಆ ವಯಸ್ಸಲ್ಲಿ ಹುಡುಗಿ ಮುಂದೆ ನನ್ನ ಹೆಸರು ಹೇಳೋಕೇ ತೊದಲ್ತಿದ್ದೆ.”

“ಈಗಲೂ ತೊದಲ್ತೀಯ,” ಎಂದ ಡಾಕ್ಟ್ರು.

“ಬಾಯ್ಮುಚ್ಚು. ಅರ್ಧ ಪುಸ್ತಕ ಆ ಸಿಗರೇಟನ್ನ ಬೈಕೊಂಡೇ ಓದ್ದೆ. ಆಮೇಲೆ ಒಂದು ರಾತ್ರಿ ಅವನು ಹೇಜಲ್‌ಗೆ ಫೋನ್ ಮಾಡ್ತಾನೆ. ಪೆಟ್ರೋಲ್ ಬಂಕಲ್ಲಿ, ಕಾರೊಳಗೆ ಸಿಕ್ಕಿಹಾಕ್ಕೊಂಡಿದ್ದಾನೆ. ಹೊಟ್ಟೆಗೆ ಹಾಕಿದ್ದ ನಳಿಗೆ ಸೋಂಕಾಗಿದೆ, ಮೈಮೇಲೆಲ್ಲ ವಾಂತಿ. ಆಂಬುಲೆನ್ಸ್ ಕರೀಬೇಡ ಅಂತ ಅಳ್ತಾನೆ. ಆ ಹೊತ್ತಲ್ಲಿ ಅಲ್ಲಿಗೆ ಯಾಕೆ ಹೋಗಿದ್ದ ಗೊತ್ತಾ?”

“ಪೆಟ್ರೋಲಿಗೆ,” ಎಂದ ಡಾಕ್ಟ್ರು.

“ಸಿಗರೇಟು ತರೋಕೆ. ಅವನ ಪ್ಯಾಕ್ ಕಳೆದುಹೋಗಿತ್ತು. ಬೇರೆ ತರ್ತೀವಿ ಅಂತ ಹೇಳಿದ್ರಂತೆ. ಆದ್ರೆ ಅದೊಂದು ಸಣ್ಣ ಕೆಲಸವಾದ್ರೂ ತಾನೇ ಮಾಡ್ಕೋಬೇಕು ಅಂತ ಹೋಗಿದ್ದ.”

ಇಬ್ಬರೂ ಸುಮ್ಮನಾದರು. ನನಗೂ ಮುಂದೆ ಹೇಳಲಾಗಲಿಲ್ಲ. ಅಷ್ಟು ಹೊತ್ತು ಅವನನ್ನು ಶೋಕಿಲಾಲ ಅಂತ ಬೈದಿದ್ದೆ. ಶೋಕಿ ಮಾಡುವಷ್ಟು ಶಕ್ತಿಯಾದರೂ ಇರಲಿ ಅಂತ ಅವನು ಒದ್ದಾಡುತ್ತಿದ್ದ. ಸಾವಿನ ಪುಟಕ್ಕೆಂದು ನಾನು ಕರ್ಚೀಫು ಸಿದ್ಧ ಮಾಡಿಕೊಂಡಿದ್ದೆ. ಈ ಪೆಟ್ರೋಲ್ ಬಂಕಿನ ಪುಟಕ್ಕೆ ಯಾವ ಸಿದ್ಧತೆಯೂ ಇರಲಿಲ್ಲ.

ಡಾಕ್ಟ್ರು ಗಂಟಲು ಸರಿಮಾಡಿಕೊಂಡ. “ಕೊನೆಗೆ ಯಾರು ಸಾಯ್ತಾರೆ?”

“ಹೇಳಲ್ಲ.”

“ಹೋಗ್ಲಿ, ಆ ಬಂಕಿನ ಪುಟ ಯಾವ್ದು?”

“ಹಾಗೆ ನಡುವಿನಿಂದ ಓದಿದ್ರೆ ಏನೂ ಆಗಲ್ಲ. ಮೊದಲಿಂದ ಬಾ.”

“ಅಲ್ಲೀವರೆಗೆ ಆ ಸಿಗರೇಟನ್ನ ಸಹಿಸ್ಬೇಕಾ?”

“ಸಹಿಸ್ಬೇಡ. ಚೆನ್ನಾಗಿ ಬೈಕೊಂಡೇ ಓದು.”

ಅವನು ಕೈ ಚಾಚಿದ. ಗೆಳತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಪುಸ್ತಕ ನನ್ನ ಚೀಲದಲ್ಲೇ ಇತ್ತು. ಮನೆಯಲ್ಲಿ ಮರೆತು ಬಂದೆ ಎಂದೆ.