ಜರಡಿ ರಾಡ್ ಮೂರನೇ ಸಲ ಮುರಿಯಿತು, ಸ್ಟ್ರೆಸ್ ಅನಾಲಿಸಿಸ್‌ನಲ್ಲಿ ಮಾತ್ರ ಎಲ್ಲಾ ನೀಲಿ

ಜರಡಿ ಹುಡುಗ, ದಾವಣಗೆರೆ · ಮಂಗಳವಾರ ರಾತ್ರಿ 11:20
ತಲೆ ಕೆಟ್ಟು ಹೋಗಿದೆ. ಮೆಕ್ಕೆಜೋಳ ಸೋಸುವ ಜರಡಿ ಮಾಡಿ ಕೊಟ್ಟಿದ್ದೇನೆ. ಅದರ ಕನೆಕ್ಟಿಂಗ್ ರಾಡ್ (ಮೋಟಾರ್ ಕಡೆಯಿಂದ ಜರಡಿಯನ್ನು ಎಳೆದು ತಳ್ಳುವ ಪಟ್ಟಿ) ಐದಾರು ದಿನಕ್ಕೊಮ್ಮೆ ಮುರಿಯುತ್ತಿದೆ. ಇವತ್ತು ಮೂರನೆಯದು. ಗೋಡೌನ್ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಿತ್ತು, ಓನರ್ ಎಲ್ಲರ ಎದುರಿಗೇ ಬೈದರು. ಕಂಪ್ಯೂಟರ್‌ನಲ್ಲೇ ಮಷಿನ್ ಓಡಿಸುವ ಡೈನಮಿಕ್ ಸಿಮ್ಯುಲೇಶನ್ ಮಾಡಿ, ಅದರ ಲೋಡ್ ತಂದು, ರಾಡ್ ಸ್ಟ್ರೆಸ್ ನೋಡಿದರೆ ಸೇಫ್ಟಿ ಫ್ಯಾಕ್ಟರ್ (ತಡೆಯುವ ಶಕ್ತಿ ಸ್ಟ್ರೆಸ್‌ನ ಎಷ್ಟು ಪಟ್ಟು ಅನ್ನುವುದು) ಎಲ್ಲಾ ಕಡೆ 15. ಪೂರ್ತಿ ನೀಲಿ, ಅಂದರೆ ಸೇಫ್. ಎಲ್ಲಿ ತಪ್ಪಾಗಿದೆ, ಬೇಗ ಹೇಳಿ.

ಮೆಶ್ ಮಾಮ · 11:31
ಮೆಶ್ (ಜರಡಿದಲ್ಲ, ಲೆಕ್ಕಕ್ಕೆ ಮಾಡೆಲನ್ನು ಒಡೆಯುವ ತುಂಡಿನ ಸೈಜು) ಎಷ್ಟು ಕೊಟ್ಟಿದ್ದೀರಿ? ಇದ್ದ ಮೆಶ್ಶನ್ನೇ ಇಟ್ಟುಕೊಂಡು ಓಡಿಸಿದರೆ ನೀಲಿ ಬಿಟ್ಟು ಬೇರೇನೂ ಕಾಣುವುದಿಲ್ಲ.

ದುರ್ಗದ ಬೋಲ್ಟು · 11:44
ಯಾವ ಸಾಫ್ಟ್‌ವೇರ್? ಎಷ್ಟು ಆರ್‌ಪಿಎಂ? ರಾಡ್ ಯಾವ ಸೈಜು? ಎಲ್ಲಿ ಮುರಿಯಿತು? ಡಾಕ್ಟರ ಹತ್ತಿರ ಹೋಗಿ "ನೋವು" ಅಂತ ಅಷ್ಟೇ ಹೇಳಿ ಎದ್ದು ಬಂದ ಹಾಗಿದೆ ತಮ್ಮ.

ಜರಡಿ ಹುಡುಗ · 11:52
ಆಟೋಡೆಸ್ಕ್ ಇನ್ವೆಂಟರ್ ಅಣ್ಣ, ಇನ್ಯಾವುದು ಇರುತ್ತೆ. 420 ಆರ್‌ಪಿಎಂ, ಎಕ್ಸೆಂಟ್ರಿಕ್ (ರಾಡ್ ಅಲ್ಲಾಡಿಸುವ ಚಕ್ರ) ಕೇಂದ್ರದಿಂದ 12 ಮಿ.ಮೀ. ಆಚೆ. ರಾಡ್ 40×8 ಎಂಎಸ್ (ಸಾದಾ ಉಕ್ಕು) ಪಟ್ಟಿ, ಎರಡೂ ತುದಿಗೆ ಪಿನ್ ಕೂರುವ ಬುಷ್ ಹೌಸಿಂಗ್ ವೆಲ್ಡ್ ಮಾಡಿದೆ. ಜರಡಿ ಕಡೆಯ ವೆಲ್ಡ್ ಬುಡದಲ್ಲಿ ಮುರಿಯುತ್ತೆ. ಮೂರೂ ಸಲ ಅಲ್ಲೇ. ಮೆಶ್ ಈಗ 2 ಮಿ.ಮೀ. ಮಾಡಿ ಓಡಿಸುತ್ತಿದ್ದೇನೆ, ಲ್ಯಾಪ್‌ಟಾಪ್ ಫ್ಯಾನ್ ಗಿರಣಿ ಥರ ಕೂಗುತ್ತಿದೆ.

ಪೆಂಗ್ವಿನ್ ಪಂಡಿತ · ಬುಧವಾರ ಬೆಳಿಗ್ಗೆ 7:05
"ಇನ್ಯಾವುದು ಇರುತ್ತೆ" ಅಂದರೆ ಏನರ್ಥ? ಪುಕ್ಕಟೆ ಡಿಸೈನ್ ಸಾಫ್ಟ್‌ವೇರ್ ಫ್ರೀಕ್ಯಾಡ್ 1.0 ಬಂದಿದ್ದು 2024ರ ನವೆಂಬರ್‌ನಲ್ಲಿ. ಭಾಗಗಳನ್ನು ಜೋಡಿಸುವ ಅಸೆಂಬ್ಲಿ ವರ್ಕ್‌ಬೆಂಚ್ ಒಳಗೇ ಇದೆ. ಸ್ಟ್ರೆಸ್‌ಗೆ ಕ್ಯಾಲ್ಕ್ಯುಲಿಕ್ಸ್ ಇದೆ. ಒಂದು ರೂಪಾಯಿ ಖರ್ಚಿಲ್ಲ.

ಮೆಶ್ ಮಾಮ · 7:20
ಓಡುತ್ತಿರುವ ಅಸೆಂಬ್ಲಿಯ ಲೋಡನ್ನು ಹಾಗೇ ರಾಡ್ ಮೇಲೆ ತಂದು ಕೂರಿಸುತ್ತಾ ನಿಮ್ಮ ಫ್ರೀಕ್ಯಾಡ್?

ಪೆಂಗ್ವಿನ್ ಪಂಡಿತ · 7:24
ಫೋರ್ಸ್ ಕೈಯಲ್ಲಿ ಲೆಕ್ಕ ಹಾಕಿ ಕೊಡಬಹುದಲ್ಲ.

ಮೆಶ್ ಮಾಮ · 7:25
ಹಾಗಾದರೆ ಪೆನ್ನು ಪೇಪರೂ ಫ್ರೀನೇ.

ಜರಡಿ ಹುಡುಗ · 9:40
ಜಗಳ ಆಮೇಲೆ ಮಾಡಿ. ಮೆಶ್ 4 ಮಿ.ಮೀ. ಇದ್ದಾಗ ಸ್ಟ್ರೆಸ್ ಜಾಸ್ತಿ ಅಂದರೆ 1.9 ಎಂಪಿಎ (ಚದರ ಮಿ.ಮೀ.ಗೆ 1.9 ನ್ಯೂಟನ್). 2 ಮಿ.ಮೀ.ಗೆ 2.6. 1 ಮಿ.ಮೀ.ಗೆ 3.8. ಹೌಸಿಂಗ್ ಪಟ್ಟಿಗೆ ಸೇರುವ ಮೂಲೆಯಲ್ಲಿ.

ಮೆಶ್ ಮಾಮ · 9:43
ನೋಡಿದಿರಾ? ಏರುತ್ತಿದೆ! ಅರ್ಧ ಮಿ.ಮೀ. ಮಾಡಿ. ನನ್ನ ವರ್ಕ್‌ಸ್ಟೇಷನ್‌ನಲ್ಲಿ 64 ಜಿಬಿ ರ‍್ಯಾಮ್ ಇದೆ, 0.3ರವರೆಗೂ ಇಳಿಸುತ್ತೇನೆ. ಫೈಲ್ ಕಳಿಸಿ.

ದುರ್ಗದ ಬೋಲ್ಟು · 10:15
ಮಾಮ, ಅದು ಚೂಪು ಒಳಮೂಲೆ. ಅಲ್ಲಿ ಮೆಶ್ ಸಣ್ಣ ಮಾಡಿದಷ್ಟೂ ನಂಬರ್ ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಅಲ್ಲೊಂದು ಫಿಲೆಟ್ ಕೊಟ್ಟು ಮೂಲೆ ದುಂಡಗೆ ಮಾಡಿ ನೋಡಿ, ನಿಲ್ಲುತ್ತದೆ. 3.8 ಅಲ್ಲ, 38 ಆದರೂ 250 ಎಂಪಿಎ ಯೀಲ್ಡ್ (ವಾಪಸ್ ಬಾರದ ಹಾಗೆ ಬಗ್ಗಲು ಶುರುವಾಗುವ ಸ್ಟ್ರೆಸ್) ಇರುವ ಪಟ್ಟಿ ಹೀಗೆ ಮುರಿಯುವುದಿಲ್ಲ. ತಮ್ಮ, ಮೆಶ್ ಬಿಡು. ರಾಡ್ ಮೇಲೆ ಬಂದ ಫೋರ್ಸ್ ಎಷ್ಟು ಹೇಳು.

ಜರಡಿ ಹುಡುಗ · 10:31
112 ನ್ಯೂಟನ್.

ಮೆಶ್ ಮಾಮ · 10:33
ಇನ್ವೆಂಟರ್ ಎಕ್ಸೆಂಟ್ರಿಕ್ ಸ್ಪೀಡನ್ನು ಸೆಕೆಂಡಿಗೆ ಎಷ್ಟು ಡಿಗ್ರಿ ಅಂತ ಕೇಳುತ್ತದೆ, ಗೊತ್ತಿದೆಯಾ? 420 ಅಂತ ಹಾಕಿದ್ದರೆ ಬರೀ 70 ಆರ್‌ಪಿಎಂ. 2520 ಹಾಕಬೇಕು. ಮೆಶ್ ಮಾತು ವಾಪಸ್ ತಗೊಂಡಿಲ್ಲ, ಅದು ಬೇರೆ.

ಜರಡಿ ಹುಡುಗ · 10:36
2520ನೇ ಹಾಕಿದ್ದೇನೆ ಸಾರ್.

ಚನ್ನಗಿರಿ ಅಡಿಕೆ · 10:58
ನಮಸ್ಕಾರ ಎಲ್ಲರಿಗೂ. ಅಡಿಕೆ ಸುಲಿಯುವ ಮಷಿನ್ ಡ್ರಾಯಿಂಗ್ ಯಾರ ಹತ್ತಿರ ಇದೆ?

ದುರ್ಗದ ಬೋಲ್ಟು · 11:10
112 ನ್ಯೂಟನ್ ಅಂದರೆ ಹನ್ನೊಂದೂವರೆ ಕೆ.ಜಿ. ತೂಕ. ಒಂದು ಸಿಮೆಂಟ್ ಚೀಲದ ಕಾಲು ಭಾಗವೂ ಇಲ್ಲ. ಆ ಜರಡಿಯನ್ನು ಸೆಕೆಂಡಿಗೆ ಏಳು ಸಲ ಹಿಂದೆ ಮುಂದೆ ಎಳೆದಾಡುವುದಕ್ಕೆ ಇಷ್ಟು ಸಾಕಾ? ಲೆಕ್ಕ ನೋಡು. 420 ಆರ್‌ಪಿಎಂ ಅಂದರೆ ಸೆಕೆಂಡಿಗೆ 44 ರೇಡಿಯನ್. ಅದರ ವರ್ಗ ಹೆಚ್ಚು ಕಡಿಮೆ 1934. 0.012 ಮೀಟರ್‌ನಿಂದ ಗುಣಿಸಿದರೆ ವೇಗೋತ್ಕರ್ಷ 23.2, ಅಂದರೆ ಗುರುತ್ವದ ಎರಡು ಪಟ್ಟಿಗಿಂತ ಜಾಸ್ತಿ. ಜರಡಿ ತೂಕ ಎಷ್ಟು? ಸಾಫ್ಟ್‌ವೇರ್ ಹೇಳಿದ್ದಲ್ಲ, ತಕ್ಕಡಿ ಹೇಳಿದ್ದು.

ಜರಡಿ ಹುಡುಗ · 11:26
38 ಕೆ.ಜಿ. ಗುಜರಿ ಅಂಗಡಿ ತಕ್ಕಡಿಯಲ್ಲೇ ತೂಗಿಸಿದ್ದೆ.

ದುರ್ಗದ ಬೋಲ್ಟು · 11:34
38×23.2, ಅಂದರೆ 882 ನ್ಯೂಟನ್. ಕಾಳಿನ ತೂಕ ಇನ್ನೂ ಸೇರಿಸಿಲ್ಲ. 882ನ್ನು 112ರಿಂದ ಭಾಗಿಸು. 7.87 ಬರುತ್ತದೆ. ಈ ನಂಬರ್ ಎಲ್ಲೋ ನೋಡಿದ ಹಾಗಿದೆ ಅಲ್ವಾ? ಉಕ್ಕಿನ ಸಾಂದ್ರತೆ ನೀರಿನ 7.85 ಪಟ್ಟು. ನಿನ್ನ ಜರಡಿ ಡಬ್ಬಕ್ಕೆ ಮೆಟೀರಿಯಲ್ಲೇ ಕೊಟ್ಟಿಲ್ಲ, ಜೆನೆರಿಕ್ ಅಂತ ಬಿಟ್ಟಿದ್ದೀಯ. ಅದರ ಡೆನ್ಸಿಟಿ 1. ಇನ್ವೆಂಟರ್ ಲೆಕ್ಕದಲ್ಲಿ ನೀನು ನೀರಿನ ಜರಡಿ ಅಲ್ಲಾಡಿಸುತ್ತಿದ್ದೀಯ.

ಜರಡಿ ಹುಡುಗ · 12:02
ಯಪ್ಪಾ! ಹೌದು ಅಣ್ಣ. ರಾಡ್‌ಗೆ ಸ್ಟೀಲ್ ಕೊಟ್ಟಿದ್ದೆ. ಜರಡಿಯ ಸ್ಟ್ರೆಸ್ ನೋಡುವುದಿಲ್ಲವಲ್ಲ, ಅದಕ್ಕ್ಯಾಕೆ ಅಂತ ಬಿಟ್ಟಿದ್ದೆ. ಈಗ 880 ಬಂತು. ಕುಣಿದುಬಿಟ್ಟೆ.

ಜರಡಿ ಹುಡುಗ · 12:19
ಕುಣಿದಿದ್ದು ದಂಡ. ಮೂಲೆಗೆ ಫಿಲೆಟ್ ಕೊಟ್ಟು ಓಡಿಸಿದೆ. ಇನ್ನೂ 15. ಇನ್ನೂ ನೀಲಿ.

ಲೇತ್ ತಾತ · 1:15
ಇಷ್ಟೊತ್ತಿಗೆ 50×12 ಪಟ್ಟಿ ಹಾಕಿ ಊಟಕ್ಕೆ ಹೋಗಬಹುದಿತ್ತು. ನಮ್ಮ ಶೆಡ್‌ನಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಇದೆ. ನನ್ನ ಮಗ ಹುಟ್ಟುವ ಮೊದಲು ಬಂದಿದ್ದು, ಇವತ್ತಿಗೂ ಎರಡು ಬೆರಳಲ್ಲಿ ಚಕ್ ತಿರುಗುತ್ತದೆ. ಅದನ್ನು ಮಾಡಿದವರು ಯಾವ ಬಣ್ಣ ನೋಡಿದ್ದರು?

ಪೆಂಗ್ವಿನ್ ಪಂಡಿತ · 1:22
ಲೇತ್ ಮಾತಿಗೆ ಕೈ ಮುಗಿದೆ ತಾತ. ಆದರೆ ರಾಡ್ ದಪ್ಪ ಮಾಡಿದರೆ ಮುಂದೆ ಬೇರಿಂಗ್ ಹೋಗುತ್ತದೆ.

ದುರ್ಗದ ಬೋಲ್ಟು · 2:40
ತಡಿ ತಮ್ಮ. 40×8 ಅಂದರೆ 320 ಚದರ ಮಿ.ಮೀ. 882ನ್ನು ಅದರಿಂದ ಭಾಗಿಸಿದರೆ 2.8 ಎಂಪಿಎ. 15 ಅನ್ನುವುದು ಸ್ಕ್ರೀನ್ ಮೇಲಿನ ಬಣ್ಣದ ಸ್ಕೇಲಿನ ಕೊನೇ ನಂಬರ್ ಅಷ್ಟೇ, ಅದಕ್ಕಿಂತ ಎಷ್ಟು ಜಾಸ್ತಿ ಇದ್ದರೂ 15 ಅಂತಲೇ ತೋರಿಸುತ್ತದೆ. ನೆಟ್ಟಗಿರುವ ರಾಡ್ ಈ ಲೋಡ್‌ಗೆ ಮುರಿಯುವುದೇ ಇಲ್ಲ. ಸಾಫ್ಟ್‌ವೇರ್ ಸರಿಯಾಗೇ ಹೇಳುತ್ತಿದೆ. ಮಷಿನ್ ಫೋಟೋ ಹಾಕು. ಮಾಡೆಲ್‌ನದಲ್ಲ.

ಜರಡಿ ಹುಡುಗ · ಸಂಜೆ 6:10
ಹಾಕಿದ್ದೇನೆ ನೋಡಿ. ಮುರಿದ ಮೂರೂ ರಾಡ್ ನೆಲದ ಮೇಲಿವೆ. ಕತ್ತಲಿದೆ, ಕರೆಂಟ್ ಹೋಗಿತ್ತು.

ದುರ್ಗದ ಬೋಲ್ಟು · 6:21
ರಾಡ್ ತುದಿ ಬಗ್ಗಿದೆಯಲ್ಲೋ!

ಜರಡಿ ಹುಡುಗ · 6:24
ಅದಾ? ಮೋಟಾರ್ ಪುಲ್ಲಿಗೆ ತಗಲುತ್ತಿತ್ತು. ಫಿಟ್ಟರ್ ಬ್ರಾಕೆಟ್ಟನ್ನು 25 ಮಿ.ಮೀ. ಪಕ್ಕಕ್ಕೆ ಸರಿಸಿ, ರಾಡ್ ಕಾಯಿಸಿ ಡೊಂಕು ಮಾಡಿ ಕೂರಿಸಿದ. ಫಿಟ್ಟಿಂಗ್‌ನಲ್ಲಿ ಇದೆಲ್ಲಾ ಇರುವುದೇ ಅಂತ ಹೇಳಲಿಲ್ಲ. ಮಾಡೆಲ್‌ನಲ್ಲಿ ನೆಟ್ಟಗೇ ಇದೆ.

ಲೇತ್ ತಾತ · 6:26
😂

ದುರ್ಗದ ಬೋಲ್ಟು · 7:02
882ನ್ನು 25ರಿಂದ ಗುಣಿಸಿದರೆ 22,050 ನ್ಯೂಟನ್ ಮಿ.ಮೀ. ಮೊಮೆಂಟ್, ಅಂದರೆ ರಾಡ್ ಬಗ್ಗಿಸುವ ಪರಿಣಾಮ. ಬಗ್ಗುತ್ತಿರುವುದು ಪಟ್ಟಿಯ 8 ಮಿ.ಮೀ. ದಿಕ್ಕಿಗೆ. ಆ ಕಡೆ ಸೆಕ್ಷನ್ ಮಾಡ್ಯುಲಸ್ (ಬಗ್ಗುವುದನ್ನು ತಡೆಯುವ ಅಳತೆ) 40×8×8 ಭಾಗಿಸು 6, ಅಂದರೆ 427. ಮೊಮೆಂಟನ್ನು ಅದರಿಂದ ಭಾಗಿಸಿದರೆ ಸ್ಟ್ರೆಸ್ 52 ಎಂಪಿಎ ಹತ್ತಿರ. ಬುಷ್ ಎಷ್ಟು ಹಿಡಿದಿದೆ ಅನ್ನುವುದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ, ಆದರೂ 2.8 ಎಲ್ಲಿ, ಇದೆಲ್ಲಿ.

52 ಅಂದರೂ ಯೀಲ್ಡ್‌ಗೆ ದೂರ ಅಂತೀಯ. ಆದರೆ ಒಂದೊಂದು ಸುತ್ತಿಗೂ ಒಮ್ಮೆ ಎಳೆತ, ಒಮ್ಮೆ ತಳ್ಳು. ಅದೂ ವೆಲ್ಡ್ ಬುಡದಲ್ಲಿ. ಗಂಟೆಗೆ 25,200 ಸುತ್ತು. ನಲವತ್ತು ಗಂಟೆಗೆ ಹತ್ತು ಲಕ್ಷ. ದಿನಕ್ಕೆ ಏಳೆಂಟು ಗಂಟೆ ಓಡಿಸಿದರೆ ಐದಾರು ದಿನ. ನಿನ್ನ ರಾಡ್ ಟೈಮಿಗೆ ಸರಿಯಾಗೇ ಮುರಿಯುತ್ತಿದೆ. ಸ್ಟ್ಯಾಟಿಕ್ ಸೇಫ್ಟಿ ಫ್ಯಾಕ್ಟರ್‌ಗೆ ಈ ದಣಿವು ಗೊತ್ತಾಗುವುದಿಲ್ಲ.

ಇನ್ನೊಂದು. ಡೊಂಕನ್ನು ಮಾಡೆಲ್‌ಗೆ ತರುವ ಮೊದಲು ಜಾಯಿಂಟ್‌ಗಳನ್ನು ನೋಡು. ಎಕ್ಸೆಂಟ್ರಿಕ್, ರಾಡ್, ಜರಡಿ, ಅದನ್ನು ತೂಗುಹಾಕಿದ ನಾಲ್ಕು ಹ್ಯಾಂಗರ್. ಏಳು ಭಾಗಕ್ಕೆ ಆರಾರು ಸ್ವಾತಂತ್ರ್ಯ (ಮೂರು ದಿಕ್ಕಿಗೆ ಸರಿಯುವುದು, ಮೂರು ಕಡೆ ತಿರುಗುವುದು), 42. ಹನ್ನೊಂದು ಪಿನ್, ಒಂದೊಂದು ಐದು ಹಿಡಿಯುತ್ತದೆ, 55. ಇರುವುದಕ್ಕಿಂತ ಹಿಡಿದಿದ್ದೇ 13 ಜಾಸ್ತಿ. ಆದರೂ ಒಂದು ಚಲನೆ ಉಳಿದು ಓಡುತ್ತಿದೆ. ಅಂದರೆ 14 ಹಿಡಿತ ದಂಡಕ್ಕೆ ಇವೆ. ಹಾಗಿದ್ದಾಗ ಪಕ್ಕದ ಮೊಮೆಂಟ್ ಯಾವ ಪಿನ್ ಮೇಲೆ ಕೂತಿದೆ ಅನ್ನುವುದನ್ನು ನಂಬಲಿಕ್ಕಾಗುವುದಿಲ್ಲ. ರಾಡ್‌ನ ಒಂದು ತುದಿಗೆ ಎಲ್ಲಾ ಕಡೆ ತಿರುಗುವ ಸ್ಫೆರಿಕಲ್ ಜಾಯಿಂಟ್, ಇನ್ನೊಂದಕ್ಕೆ ತಿರುಗುತ್ತಾ ಪಿನ್ ಉದ್ದಕ್ಕೂ ಸರಿಯುವ ಸಿಲಿಂಡ್ರಿಕಲ್ ಕೊಡು. ರಾಡ್ ಮಟ್ಟಿಗಾದರೂ ಲೆಕ್ಕ ಸರಿಹೋಗುತ್ತದೆ.

ಮೆಶ್ ಮಾಮ · 7:30
ಡೊಂಕಿನ ಹತ್ತಿರ ಮೆಶ್ ಸಣ್ಣದು ಕೊಡಬೇಕು. ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು.

ದುರ್ಗದ ಬೋಲ್ಟು · 7:31
ಇಲ್ಲದ ಡೊಂಕಿಗೆ ಎಷ್ಟು ಸಣ್ಣ ಮೆಶ್ ಕೊಟ್ಟರೂ ಏನು ಕಾಣುತ್ತಿತ್ತು ಮಾಮ?

ಚನ್ನಗಿರಿ ಅಡಿಕೆ · 8:15
ಅಡಿಕೆ ಮಷಿನ್ ಬಗ್ಗೆ ಯಾರೂ ಹೇಳಲಿಲ್ಲ. ಜೋಳಕ್ಕೆ ಇರುವ ಮರ್ಯಾದೆ ಅಡಿಕೆಗೆ ಇಲ್ಲವಾ?

ಜರಡಿ ಹುಡುಗ · ಭಾನುವಾರ ಮಧ್ಯಾಹ್ನ 3:50
ಮೋಟಾರನ್ನೇ ಆ ಕಡೆಯಿಂದ ಈ ಕಡೆಗೆ ಹಾಕಿದೆವು. ರಾಡ್ ಈಗ ನೆಟ್ಟಗಿದೆ. ನಿನ್ನೆ ಎಂಟು ಗಂಟೆ ಓಡಿತು. ಓನರ್ ಬೆಣ್ಣೆದೋಸೆ ಕೊಡಿಸಿದರು, ಬಾಕಿ ದುಡ್ಡು ಮಾತ್ರ ರಾಡ್ ಒಂದು ತಿಂಗಳು ನಿಂತ ಮೇಲಂತೆ. ಡೊಂಕು ರಾಡನ್ನು ಸುಮ್ನೆ ಕುತೂಹಲಕ್ಕೆ ಮಾಡೆಲ್ ಮಾಡಿ ನೋಡಿದೆ, ವೆಲ್ಡ್ ಹತ್ತಿರ 57 ಎಂಪಿಎ ತೋರಿಸಿತು. ಈಗ ಒಂದೇ ತೊಂದರೆ. ಫ್ರೇಮ್ ಪೂರ್ತಿ ಅಲ್ಲಾಡುತ್ತಿದೆ, ಫೌಂಡೇಶನ್ ಬೋಲ್ಟ್ ದಿನಾ ಸಡಿಲವಾಗುತ್ತವೆ.

ದುರ್ಗದ ಬೋಲ್ಟು · 4:05
ಅಲ್ಲಾಟ ಸರಿದೂಗಿಸಲು ಎಕ್ಸೆಂಟ್ರಿಕ್‌ಗೆ ಎದುರು ತೂಕ ಹಾಕಿದ್ದೀಯಾ?

ಜರಡಿ ಹುಡುಗ · 4:09
ಹಾಕಬೇಕಿತ್ತಾ?